ಹಿಂದೆ ಸರಿಯಲು ಗೊತ್ತಿದ್ದ ಹಡಗು: ನಾಟಿಲಸ್ ಜಲಾಂತರ್ಗಾಮಿಯ ಸೇವೆಯ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದು ಹಡಗಿನ ಬಗ್ಗೆ. ಅಮೆರಿಕದ ನೌಕಾಪಡೆಯ ನಾಟಿಲಸ್. ಅಣುಶಕ್ತಿಯಿಂದ ಓಡಿದ ಜಗತ್ತಿನ ಮೊದಲ ಜಲಾಂತರ್ಗಾಮಿ ಇದು. 1954ರಲ್ಲಿ ಸೇವೆಗೆ ಸೇರಿತು, 1980ರಲ್ಲಿ ನಿವೃತ್ತಿಯಾಯಿತು. ಈ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ನೆನಪಿರುವುದು ಒಂದೇ ಸಂಗತಿ. 1958ರ ಆಗಸ್ಟ್‌ನಲ್ಲಿ ಹಿಮದ ಅಡಿಯಲ್ಲೇ ಸಾಗಿ ಉತ್ತರ ಧ್ರುವ ಮುಟ್ಟಿದ ಹಡಗು ಅಂತ. ನಿಜ, ಅದು ದೊಡ್ಡ ಸಾಧನೆ. ಆದರೆ ಅದಕ್ಕೂ ಮೊದಲು ಇದೇ ಹಡಗು ಎರಡು ಸಲ ಧ್ರುವದ ದಾರಿಯಿಂದ ವಾಪಸ್ ಬಂದಿತ್ತು. ನನ್ನ ಕಣ್ಣಿಗೆ ಆ ಎರಡು ವಾಪಸಾತಿಗಳೇ ಹೆಚ್ಚು ದೊಡ್ಡವು. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಮೊದಲು ಹಳೆಯ ಜಲಾಂತರ್ಗಾಮಿಗಳ ಪಾಡು ನೋಡೋಣ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಹಡಗುಗಳನ್ನು ಮುಳುಗಿಸಿದ ಜಲಾಂತರ್ಗಾಮಿಗಳು ಹೆಚ್ಚು ಹೊತ್ತು ಇರುತ್ತಿದ್ದದ್ದು ನೀರಿನ ಮೇಲೆಯೇ. ಅವುಗಳಿಗೆ ಡೀಸೆಲ್ ಎಂಜಿನ್ ಇರುತ್ತಿತ್ತು. ಡೀಸೆಲ್ ಉರಿಯಲು ಗಾಳಿ ಬೇಕು. ನೀರಿನೊಳಗೆ ಗಾಳಿ ಎಲ್ಲಿಂದ ತರುವುದು? ಅದಕ್ಕೇ ಮುಳುಗಿದ ಮೇಲೆ ಬ್ಯಾಟರಿಯಲ್ಲಿ ಓಡುತ್ತಿದ್ದವು. ಪೂರ್ತಿ ವೇಗದಲ್ಲಿ ಹೋದರೆ ಒಂದೆರಡು ಗಂಟೆಯಲ್ಲಿ ಬ್ಯಾಟರಿ ಬರಿದಾಗುತ್ತಿತ್ತು. ನಡೆಯುವ ವೇಗದಲ್ಲಿ ತೆವಳಿದರೆ ಒಂದೆರಡು ದಿನ. ಆಮೇಲೆ ಮೇಲೆ ಬರಲೇಬೇಕು. ಯುದ್ಧದ ಕೊನೆ ಹೊತ್ತಿಗೆ ಜರ್ಮನರು ಗಾಳಿ ಎಳೆದುಕೊಳ್ಳುವ ಕೊಳವೆ ಹಾಕಿಕೊಂಡರು. ಆದರೆ ಆ ಕೊಳವೆಯ ತುದಿ ನೀರಿನ ಮೇಲೆ ಇರಬೇಕಲ್ಲ? ವಿಮಾನದ ರೇಡಾರ್ ಅದನ್ನೂ ಹುಡುಕುತ್ತಿತ್ತು. ಅಂದರೆ, ಅವು ನಿಜಕ್ಕೂ ಸ್ವಲ್ಪ ಹೊತ್ತು ಮುಳುಗಿ ಅಡಗಬಲ್ಲ ಹಡಗುಗಳು, ಅಷ್ಟೇ.

ಅಣುಶಕ್ತಿಗೆ ಗಾಳಿ ಬೇಡ. ಯುರೇನಿಯಂ ಒಡೆದು ಬರುವ ಶಾಖಕ್ಕೂ ಆಮ್ಲಜನಕಕ್ಕೂ ಸಂಬಂಧವಿಲ್ಲ. ಇದು ವಿಜ್ಞಾನಿಗಳಿಗೆ ಮೊದಲೇ ಹೊಳೆದಿತ್ತು. ಆದರೆ ಹೊಳೆಯುವುದು ಬೇರೆ, ಅದನ್ನು ಹಡಗಿನ ಹೊಟ್ಟೆಯಲ್ಲಿ ಕೂರಿಸಿ ನೂರು ಜನರನ್ನು ಅದರ ಪಕ್ಕದಲ್ಲೇ ಮಲಗಿಸುವುದು ಬೇರೆ. ಆ ಕೆಲಸ ಹಿಡಿದವರು ಹೈಮನ್ ರಿಕೋವರ್. ಪೋಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದ ಯಹೂದಿ ದರ್ಜಿಯೊಬ್ಬರ ಮಗ. ನೌಕಾಪಡೆಯಲ್ಲಿ ಎಂಜಿನಿಯರ್ ಅಧಿಕಾರಿ. 1946ರಲ್ಲಿ ಟೆನೆಸ್ಸಿಯ ಓಕ್ ರಿಡ್ಜ್‌ಗೆ ಹೋಗಿ ಅಣುವಿದ್ಯೆ ಕಲಿತರು. ಆಮೇಲೆ ನೌಕಾಪಡೆಯಲ್ಲೂ ಅಣುಶಕ್ತಿ ಆಯೋಗದಲ್ಲೂ ಏಕಕಾಲಕ್ಕೆ ಹುದ್ದೆ ಪಡೆದುಕೊಂಡರು. ಒಂದು ಕಡೆಯಿಂದ ಪತ್ರ ಬರೆದು, ಇನ್ನೊಂದು ಕಡೆಯಿಂದ ತಾವೇ ಅದಕ್ಕೆ ಒಪ್ಪಿಗೆ ಕೊಡಬಹುದಾದ ಸ್ಥಾನ ಅದು. ಬಾಯಿ ಬಿರುಸು, ಮೇಲಧಿಕಾರಿಗಳ ಜೊತೆ ಜಗಳ ಜಾಸ್ತಿ. ಆದರೆ ಕೆಲಸದ ವಿಷಯದಲ್ಲಿ ಅವರಂಥ ಹಟವಾದಿ ಸಿಗುವುದು ಕಷ್ಟ.

ರಿಯಾಕ್ಟರಿನ ಶಾಖವನ್ನು ಎಂಜಿನ್ನಿಗೆ ಹೊತ್ತು ತರುವುದು ಯಾವುದು ಅನ್ನುವುದು ಮೊದಲ ಪ್ರಶ್ನೆ. ನೀರೋ, ಕರಗಿದ ಸೋಡಿಯಂ ಲೋಹವೋ? ರಿಕೋವರ್ ಎರಡನ್ನೂ ಪರೀಕ್ಷಿಸಿದರು. ನಾಟಿಲಸ್‌ಗೆ ನೀರನ್ನು ಆರಿಸಿಕೊಂಡರು. ಸೋಡಿಯಂ ರಿಯಾಕ್ಟರ್ ಸೀವುಲ್ಫ್ ಅನ್ನುವ ಇನ್ನೊಂದು ಹಡಗಿಗೆ ಹೋಯಿತು. ಅಲ್ಲಿ ಅದು ಸೋರಿಕೆಯ ಕಾಟ ಕೊಟ್ಟು, ಎರಡೇ ವರ್ಷದಲ್ಲಿ ಅದನ್ನು ಕಿತ್ತು ನೀರಿನ ರಿಯಾಕ್ಟರನ್ನೇ ಹಾಕಬೇಕಾಯಿತು.

ನೀರಿನ ರಿಯಾಕ್ಟರ್ ಕೆಲಸ ಮಾಡುವ ಬಗೆ ನಿಮ್ಮ ಅಡುಗೆಮನೆಯ ಕುಕ್ಕರಿನಲ್ಲೇ ಇದೆ. ಒತ್ತಡ ಹೆಚ್ಚಿದರೆ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ, ಇನ್ನೂ ಬಿಸಿಯಾಗುತ್ತಾ ಹೋಗುತ್ತದೆ. ರಿಯಾಕ್ಟರಿನೊಳಗೆ ಸುತ್ತುವ ನೀರನ್ನು ಭಾರೀ ಒತ್ತಡದಲ್ಲಿ ಇಡುತ್ತಾರೆ. ಅದು ಕುದಿಯದೆ ಶಾಖ ಹೊತ್ತು ತರುತ್ತದೆ. ಅದರ ಕೊಳವೆಗಳ ಹೊರಗೆ ಬೇರೆ ನೀರಿರುತ್ತದೆ, ಅದು ಹಬೆಯಾಗುತ್ತದೆ. ಆ ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಪ್ರೊಪೆಲ್ಲರ್ ತಿರುಗಿಸುತ್ತದೆ. ಎರಡು ನೀರೂ ಒಂದಕ್ಕೊಂದು ಬೆರೆಯುವುದಿಲ್ಲ. ವಿಕಿರಣದ ಸೋಂಕಿರುವ ನೀರು ರಿಯಾಕ್ಟರಿನ ಕಡೆಯೇ ಉಳಿಯುತ್ತದೆ. ಇವತ್ತು ಕೂಡಂಕುಳಂನಲ್ಲಿರುವುದು ಇದೇ ಜಾತಿಯದು. ನಮ್ಮ ಕೈಗಾದ್ದು ಭಾರಜಲದ ರಿಯಾಕ್ಟರ್, ಬೇರೆ ವಂಶ. ಆದರೂ ಒತ್ತಡದ ನೀರು ಒಂದು ಸುತ್ತಿನಲ್ಲಿ, ಹಬೆಯ ನೀರು ಇನ್ನೊಂದು ಸುತ್ತಿನಲ್ಲಿ ಅನ್ನುವ ಏರ್ಪಾಡು ಅಲ್ಲೂ ಅದೇ. ಇಂಧನಕ್ಕೆ ಹೊದಿಸುವ ಜಿರ್ಕೋನಿಯಂ ಲೋಹವನ್ನು ದೊಡ್ಡ ಪ್ರಮಾಣದಲ್ಲಿ ಶುದ್ಧಗೊಳಿಸಿದ್ದು ಮೊದಲು ರಿಕೋವರ್ ಅವರ ಹಡಗಿನ ಕೆಲಸಕ್ಕಾಗಿ. ಕೈಗಾಕ್ಕೆ ಹೈದರಾಬಾದಿನಿಂದ ಬರುವ ಇಂಧನದ ಹೊದಿಕೆಯೂ ಜಿರ್ಕೋನಿಯಂ ಮಿಶ್ರಲೋಹವೇ.

ಹಡಗು ನೀರಿಗಿಳಿಯುವ ಮೊದಲೇ ಅದರ ಎಂಜಿನ್ನನ್ನು ನೆಲದ ಮೇಲೆ ಕಟ್ಟಿ ನೋಡಿದರು. ಎಲ್ಲಿ ಗೊತ್ತಾ? ಇಡಾಹೋದ ಮರುಭೂಮಿಯಲ್ಲಿ, ಸಮುದ್ರದಿಂದ ನೂರಾರು ಮೈಲಿ ದೂರ. ಹಡಗಿನ ಒಡಲಿನ ಒಂದು ತುಂಡನ್ನು ಹಾಗೇ ಕಟ್ಟಿ, ಸುತ್ತ ದೊಡ್ಡ ನೀರಿನ ತೊಟ್ಟಿ ಮಾಡಿ, ರಿಯಾಕ್ಟರ್, ಪಂಪು, ಟರ್ಬೈನ್ ಎಲ್ಲವನ್ನೂ ಹಡಗಿನಲ್ಲಿ ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲೇ ಕೂರಿಸಿದರು. ಸುಮ್ನೆ ಪ್ರಯೋಗಾಲಯದಲ್ಲಿ ಹರಡಿಟ್ಟು ನೋಡೋಣ ಎಂದವರಿಗೆ ರಿಕೋವರ್ ಒಪ್ಪಲಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಏನು ತೊಂದರೆ ಬರುತ್ತದೋ ಅದು ಇಲ್ಲೇ ಬರಲಿ ಅನ್ನುವುದು ಅವರ ವಾದ.

1953ರ ಮಾರ್ಚ್ 30ರಂದು ಆ ರಿಯಾಕ್ಟರ್ ಮೊದಲ ಸಲ ಜೀವ ತಳೆಯಿತು. ಜೂನ್ ಕೊನೆಯಲ್ಲಿ ಪೂರ್ಣ ಶಕ್ತಿಯ ಪರೀಕ್ಷೆ. ಬೇಕಾದ ಅಳತೆಗಳೆಲ್ಲ ಸಿಕ್ಕಿದ ಮೇಲೆ ಎಂಜಿನಿಯರುಗಳು ನಿಲ್ಲಿಸೋಣ ಎಂದರು. ರಿಕೋವರ್ ಬೇಡ ಎಂದರು. ಅಟ್ಲಾಂಟಿಕ್ ದಾಟುವಷ್ಟು ಹೊತ್ತು ಓಡಲಿ ಎಂದರು. ನಕಾಶೆ ತರಿಸಿ ಗೋಡೆಗೆ ಹಾಕಿ, ಕೆನಡಾದ ನೋವಾ ಸ್ಕೋಷಿಯಾದಿಂದ ಐರ್ಲೆಂಡಿನ ತನಕ ಗಂಟೆಗಂಟೆಗೂ ಗೆರೆ ಎಳೆಯುತ್ತಾ ಹೋದರು. ಮಧ್ಯದಲ್ಲಿ ತೊಂದರೆಗಳು ಬಂದವು. ಪಂಪಿನಲ್ಲಿ ವಿಚಿತ್ರ ಸದ್ದು, ಜನರೇಟರಿನಲ್ಲಿ ಇಂಗಾಲದ ಪುಡಿ, ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರಿನಲ್ಲಿ ಸೋರಿಕೆ. ನಿಲ್ಲಿಸಿ ಎಂದು ಮತ್ತೆ ಒತ್ತಾಯ ಬಂತು. ನಿಲ್ಲಿಸಲಿಲ್ಲ. ಸುಮಾರು ನೂರು ಗಂಟೆ ಓಡಿದ ಮೇಲೆ ಮರಳುಗಾಡಿನ ಹಡಗು ಐರ್ಲೆಂಡ್ ಮುಟ್ಟಿತು.

ಇಲ್ಲಿ ಒಂದು ಮಾತು ಗಮನಿಸಿ. ನೆಲದ ಮೇಲೆ ಅವರು ಹಟ ಹಿಡಿದು ಮುಂದೆ ಹೋದರು. ಯಾಕಂದ್ರೆ ಅಲ್ಲಿ ಕೆಟ್ಟರೆ ಕಲಿಯಬಹುದು. ಅದೇ ಜನ ಹಡಗಿನ ವಿಷಯಕ್ಕೆ ಬಂದಾಗ ಹೇಗೆ ನಡೆದುಕೊಂಡರು ನೋಡಿ.

ನಾಟಿಲಸ್‌ನ ಅಡಿಗಟ್ಟು ಹಾಕಿದ್ದು 1952ರ ಜೂನ್ 14ರಂದು, ಕನೆಕ್ಟಿಕಟ್ ರಾಜ್ಯದ ಗ್ರೋಟನ್‌ನಲ್ಲಿ, ಎಲೆಕ್ಟ್ರಿಕ್ ಬೋಟ್ ಕಂಪನಿಯ ಹಡಗುಕಟ್ಟೆಯಲ್ಲಿ. ಅಧ್ಯಕ್ಷ ಟ್ರೂಮನ್ ಬಂದಿದ್ದರು. 1954ರ ಜನವರಿ 21ರಂದು ನೀರಿಗಿಳಿಯಿತು. ಆಗ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ ಶಾಂಪೇನ್ ಬಾಟಲಿ ಒಡೆದರು. ಉದ್ದ ಸುಮಾರು 320 ಅಡಿ, ಅಗಲ 28 ಅಡಿ. ಸಿಬ್ಬಂದಿ ನೂರಕ್ಕೂ ಸ್ವಲ್ಪ ಜಾಸ್ತಿ. ಮೂತಿಯಲ್ಲಿ ಆರು ಟಾರ್ಪಿಡೋ ಕೊಳವೆ. ಮೊದಲ ಕ್ಯಾಪ್ಟನ್ ಯೂಜೀನ್ ವಿಲ್ಕಿನ್ಸನ್.

1954ರ ಸೆಪ್ಟೆಂಬರ್ 30ಕ್ಕೆ ಸೇವೆಗೆ ಸೇರಿಸುವ ಸಮಾರಂಭ ನಿಗದಿಯಾಗಿತ್ತು. ಅದಕ್ಕೆ ಎರಡು ವಾರ ಮೊದಲು, ಕಟ್ಟೆಯಲ್ಲಿ ಪರೀಕ್ಷೆ ನಡೆಯುವಾಗ ಹಬೆಯ ಒಂದು ಸಣ್ಣ ಕೊಳವೆ ಒಡೆಯಿತು. ದೊಡ್ಡ ಅನಾಹುತವೇನೂ ಆಗಲಿಲ್ಲ. ಕೊಳವೆ ಬಿಚ್ಚಿ ನೋಡಿದರೆ, ಅದು ಹಬೆಗೆ ಹಾಕುವ ಕೊಳವೆಯೇ ಅಲ್ಲ. ಕಂಬಿಗಳಿಗೆ ಬಳಸುವ, ಉದ್ದಕ್ಕೂ ಬೆಸುಗೆ ಹಾಕಿದ ಅಗ್ಗದ ಕೊಳವೆ. ಹಬೆಗೆ ಬೇಕಿದ್ದದ್ದು ಬೆಸುಗೆಯೇ ಇಲ್ಲದ ಅಖಂಡ ಕೊಳವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹಡಗಿನಲ್ಲಿ ಇಂಥದ್ದು ಇನ್ನೆಷ್ಟಿದೆ? ಹೇಳುವವರೇ ಇಲ್ಲ. ರಿಕೋವರ್ ಕೊಟ್ಟ ಆದೇಶ ಸರಳ. ಅನುಮಾನವಿರುವ ಎಲ್ಲಾ ಕೊಳವೆ ಕಿತ್ತು ಹೊಸದು ಹಾಕಿ. ಜಗತ್ತೇ ನೋಡುತ್ತಿದ್ದ ಹಡಗು. ಸಮಾರಂಭ ಹೇಳಿದ ದಿನವೇ ನಡೆಯಿತು. ಆದರೆ ಹಡಗು ಮಾತ್ರ ಕಟ್ಟೆ ಬಿಡಲಿಲ್ಲ. ಮೂರೂವರೆ ತಿಂಗಳು ಅಲ್ಲೇ ಉಳಿದು ರಿಪೇರಿ, ಪರೀಕ್ಷೆ ಮುಗಿಸಿತು. ಆ ಸಣ್ಣ ಕೊಳವೆ ಕಟ್ಟೆಯಲ್ಲಿ ಒಡೆಯದೆ ಸಮುದ್ರದಡಿ ಒಡೆದಿದ್ದರೆ ಅಣು ಜಲಾಂತರ್ಗಾಮಿಗಳ ಚರಿತ್ರೆಯೇ ಬೇರೆ ಆಗುತ್ತಿತ್ತೇನೋ.

1955ರ ಜನವರಿ 17, ಬೆಳಗ್ಗೆ 11 ಗಂಟೆ. ನಾಟಿಲಸ್ ಹಗ್ಗ ಬಿಚ್ಚಿಕೊಂಡು ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೇ ಬಲಗಡೆಯ ಗೇರ್‌ನಲ್ಲಿ ಜೋರು ಸದ್ದು ಬಂತು. ವಿಲ್ಕಿನ್ಸನ್ ಬಲಗಡೆಯ ಎಂಜಿನ್ ನಿಲ್ಲಿಸಿ ಎಡಗಡೆಯದರಲ್ಲಿ ಹಡಗು ಸಂಭಾಳಿಸಿದರು. ಸುತ್ತ ದೋಣಿಗಳಲ್ಲಿ ಪತ್ರಕರ್ತರು ಕ್ಯಾಮೆರಾ ಹಿಡಿದು ನಿಂತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಒಳಗೆ ಎಂಜಿನಿಯರುಗಳು ಹುಡುಕಿದರೆ, ಒಂದು ಪಿನ್ ಸಡಿಲವಾಗಿತ್ತು. ಸರಿಪಡಿಸಿದರು. ಆಮೇಲೆ ದೀಪದ ಸಂಕೇತದಲ್ಲಿ ಆ ಪ್ರಸಿದ್ಧ ಸಂದೇಶ ಹೋಯಿತು: 'ಅಣುಶಕ್ತಿಯಲ್ಲಿ ಹೊರಟಿದ್ದೇವೆ.'

ಅದೇ ವರ್ಷ ಮೇ ತಿಂಗಳಲ್ಲಿ ಕನೆಕ್ಟಿಕಟ್‌ನ ನ್ಯೂ ಲಂಡನ್‌ನಿಂದ ಪೋರ್ಟೊ ರಿಕೊದ ಸಾನ್ ಹ್ವಾನ್‌ವರೆಗೆ ಪೂರ್ತಿ ನೀರಿನಡಿಯಲ್ಲೇ ಹೋಯಿತು. ಸುಮಾರು 1,380 ಮೈಲಿ, 90 ಗಂಟೆಯೊಳಗೆ. ಅಷ್ಟು ದೂರ, ಅಷ್ಟು ವೇಗವಾಗಿ, ಒಮ್ಮೆಯೂ ಮೇಲೆ ಬಾರದೆ ಯಾವ ಜಲಾಂತರ್ಗಾಮಿಯೂ ಅದುವರೆಗೆ ಹೋಗಿರಲಿಲ್ಲ. ಆ ಬೇಸಿಗೆಯ ಸಮರಾಭ್ಯಾಸಗಳಲ್ಲಿ ನೌಕಾಪಡೆಗೆ ಗಾಬರಿಯೇ ಆಯಿತು. ವಿಮಾನಗಳು, ರೇಡಾರ್, ಬೇಟೆ ಹಡಗುಗಳು, ಹೀಗೆ ಮಹಾಯುದ್ಧದಲ್ಲಿ ಕಲಿತ ವಿದ್ಯೆಯೆಲ್ಲ ನಿಂತಿದ್ದದ್ದು ಒಂದೇ ನಂಬಿಕೆಯ ಮೇಲೆ: ಜಲಾಂತರ್ಗಾಮಿ ಯಾವಾಗಲಾದರೂ ಮೇಲೆ ಬರಲೇಬೇಕು. ಇದು ಬರುತ್ತಲೇ ಇರಲಿಲ್ಲ. 20 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರಿಗಿಂತ, ಹೆಚ್ಚಿನ ವೇಗದಲ್ಲಿ ಹುಡುಕುವ ಜಾಗವನ್ನೇ ದಾಟಿ ಹೋಗುತ್ತಿತ್ತು. ಮೊದಲು ತುಂಬಿದ ಯುರೇನಿಯಂ ಎರಡು ವರ್ಷ ಬಾಳಿಕೆ ಬಂತು. ಅದರಲ್ಲಿ ಓಡಿದ್ದು 62,562 ಮೈಲಿ. ಈಗ ಹಡಗಿಗೆ ಮಿತಿ ಎಣ್ಣೆಯದಲ್ಲ; ಒಳಗಿರುವವರ ಊಟದ್ದು, ಉಸಿರಿನದ್ದು, ತಾಳ್ಮೆಯದ್ದು.

ಕುಂದುಗಳೂ ಇದ್ದವು. ವೇಗ ಹೆಚ್ಚಿದಾಗ ಒಡಲು ಮತ್ತು ಮೇಲಿನ ಗೋಪುರ ನಡುಗುತ್ತಿದ್ದವು. ಸುಮಾರು 4 ನಾಟ್ ದಾಟಿದರೆ ತನ್ನದೇ ಸದ್ದಿನಲ್ಲಿ ಅದರ ಸೋನಾರ್‌ಗೆ, ಅಂದರೆ ಸದ್ದಿನಿಂದ ಸುತ್ತಲಿನದನ್ನು ಪತ್ತೆ ಹಚ್ಚುವ ಸಲಕರಣೆಗೆ, ಕಿವಿ ಕೇಳುತ್ತಿರಲಿಲ್ಲ. ಸದ್ದು ಮಾಡುವ ಜಲಾಂತರ್ಗಾಮಿ ಯುದ್ಧದಲ್ಲಿ ಸುಲಭದ ಗುರಿ. ಮುಂದಿನ ಹಡಗುಗಳ ಒಡಲಿನ ಆಕಾರ ಬದಲಾಗಲು ಇದೂ ಒಂದು ಕಾರಣ. ಹೊಸ ಎಂಜಿನ್ ಹೊತ್ತ ಹಳೆಯ ಒಡಲು ನಾಟಿಲಸ್‌ನದು.

ಈಗ ಹಿಮದ ಕಥೆಗೆ ಬರುತ್ತೇನೆ. 1957ರ ಜೂನ್‌ನಲ್ಲಿ ವಿಲಿಯಂ ಆಂಡರ್ಸನ್ ಕ್ಯಾಪ್ಟನ್ ಆದರು. ಟೆನೆಸ್ಸಿಯವರು, ಮಾತು ಕಡಿಮೆ. ಆ ಆಗಸ್ಟ್ 19ರಂದು ಹಡಗು ಉತ್ತರಕ್ಕೆ ಹೊರಟಿತು, ಗ್ರೀನ್‌ಲ್ಯಾಂಡ್ ಕಡೆಯ ಹಿಮದಡಿ ಹೋಗಿ ನೋಡಲು. ಸಾಮಾನ್ಯ ಸಮುದ್ರದಲ್ಲಿ ಏನಾದರೂ ಕೆಟ್ಟರೆ ಮೇಲೆ ಬರಬಹುದು. ಹಿಮದಡಿ ಆ ದಾರಿಯೇ ಮುಚ್ಚಿರುತ್ತದೆ. ತಲೆಯ ಮೇಲೆ ಹತ್ತಾರು ಅಡಿ ದಪ್ಪದ ಗಟ್ಟಿ ಛಾವಣಿ.

ಒಂದು ಕಡೆ ತೆರೆದ ನೀರು ಇದೆ ಎಂದುಕೊಂಡು ಮೇಲೇರಿದರು. ಅಲ್ಲಿ ಹಿಮವಿತ್ತು. ಪೆರಿಸ್ಕೋಪ್‌ಗಳು ಬಾಗಿದವು. ಹಿಮದ ಅಂಚಿಗೆ ವಾಪಸ್ ಬಂದು, ಕೊರೆಯುವ ಚಳಿಯಲ್ಲಿ, ಬಿರುಗಾಳಿಯಲ್ಲಿ, ಗೋಪುರದ ಮೇಲೆ ಹತ್ತಿ ನಿಂತು ನಾವಿಕರು ಒಂದು ಪೆರಿಸ್ಕೋಪನ್ನು ಬೆಸುಗೆ ಹಾಕಿ ಸರಿಮಾಡಿದರು. ಗಂಟೆಗಟ್ಟಲೆ ಹಿಡಿದ ಕೆಲಸ. ಮತ್ತೆ ಒಳಗೆ ಹೋದರು. ಈ ಸಲ 87 ಡಿಗ್ರಿ ಉತ್ತರದವರೆಗೆ. ಧ್ರುವಕ್ಕೆ ಉಳಿದದ್ದು 180 ಮೈಲಿ ಅಷ್ಟೇ. ನಾಟಿಲಸ್‌ಗೆ ಅದು ಕೆಲವು ಗಂಟೆಗಳ ದಾರಿ.

ಆಗ, ವೇಗವಾಗಿ ತಿರುಗುವ ಚಕ್ರದಿಂದ ದಿಕ್ಕು ತೋರಿಸುವ ಗೈರೋ ದಿಕ್ಸೂಚಿಗೆ ಹೋಗುವ ವಿದ್ಯುತ್ ಕೈಕೊಟ್ಟಿತು. ಧ್ರುವದ ಹತ್ತಿರ ಇದರ ಅರ್ಥವೇನು ಗೊತ್ತಾ? ಅಲ್ಲಿ ಅಯಸ್ಕಾಂತದ ದಿಕ್ಸೂಚಿಗೆ ಬೆಲೆಯಿಲ್ಲ, ಅದು ಸುಮ್ಮನೆ ತೂಗಾಡುತ್ತದೆ. ನಕ್ಷತ್ರ ನೋಡೋಣವೆಂದರೆ ಮೇಲೆ ಹಿಮ. ರೇಖಾಂಶಗಳೆಲ್ಲ ಧ್ರುವದಲ್ಲಿ ಒಂದೇ ಬಿಂದುವಿಗೆ ಸೇರುತ್ತವೆ. ದಿಕ್ಕು ಸ್ವಲ್ಪ ತಪ್ಪಿದರೂ ಧ್ರುವ ದಾಟಿದ ಮೇಲೆ ಯಾವ ಕಡೆಗೆ ಹೋಗುತ್ತಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ನೇರ ಹೋಗುತ್ತಿದ್ದೇವೆ ಎಂದುಕೊಂಡು ಹಿಮದಡಿ ದೊಡ್ಡ ವೃತ್ತದಲ್ಲಿ ಸುತ್ತುತ್ತಲೇ ಇರಬಹುದು, ಇಲ್ಲವೇ ಯಾವುದೋ ಹಿಮಗಟ್ಟಿದ ಕರಾವಳಿಗೆ ಹೋಗಿ ಬಡಿಯಬಹುದು. ಆಂಡರ್ಸನ್ ಹಡಗು ತಿರುಗಿಸಿದರು. ಯಾವ ಹಡಗೂ ಮುಟ್ಟದ ಜಾಗ ಕೆಲವೇ ಗಂಟೆ ದೂರದಲ್ಲಿತ್ತು. ಒಳಗಿದ್ದವರಿಗೆಲ್ಲ ಅದು ಗೊತ್ತಿತ್ತು. ದಿಕ್ಕಿನ ಭರವಸೆ ಇಲ್ಲದೆಯೇ ಲೆಕ್ಕ ಹಾಕುತ್ತಾ ಹಿಮದಿಂದ ಹೊರಬಂದರು. ಆ ಪ್ರಯಾಣದಲ್ಲಿ ಹಿಮದಡಿ ಸಾಗಿದ್ದು ಒಟ್ಟು 1,383 ಮೈಲಿ. ಧ್ರುವ ಸಿಗಲಿಲ್ಲ, ಆದರೆ ಏನೇನು ಬೇಕು ಅನ್ನುವ ಪಟ್ಟಿ ಸಿಕ್ಕಿತು.

ಅಕ್ಟೋಬರ್ 4ಕ್ಕೆ ಸೋವಿಯತ್ ಒಕ್ಕೂಟ ಜಗತ್ತಿನ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಮಾನ ಹೋದಂತಾಯಿತು. ಶ್ವೇತಭವನಕ್ಕೆ ತುರ್ತಾಗಿ ಒಂದು ದೊಡ್ಡ ಸಾಧನೆ ಬೇಕಿತ್ತು. ಪೆಸಿಫಿಕ್‌ನಿಂದ ಹೊರಟು, ಧ್ರುವ ದಾಟಿ, ಅಟ್ಲಾಂಟಿಕ್‌ನಲ್ಲಿ ಎದ್ದು ಬರುವುದು. ಅದಕ್ಕೆ 'ಆಪರೇಷನ್ ಸನ್‌ಶೈನ್' ಎಂದು ಹೆಸರಿಟ್ಟು ಗುಟ್ಟಾಗಿ ಇಟ್ಟರು. ಒತ್ತಡ ಎಷ್ಟಿತ್ತು ಅಂತ ನೀವೇ ಊಹಿಸಿಕೊಳ್ಳಿ.

1958ರ ಏಪ್ರಿಲ್‌ನಲ್ಲಿ ನಾಟಿಲಸ್ ಪನಾಮ ಕಾಲುವೆಯ ಮೂಲಕ ಪಶ್ಚಿಮ ಕರಾವಳಿಗೆ ಹೊರಟಿತು. ದಾರಿಯಲ್ಲಿ ಎರಡು ತೊಂದರೆ. ಮೊದಲನೆಯದು ಬೆಂಕಿ. ಟರ್ಬೈನ್ ಸುತ್ತ ಶಾಖ ತಡೆಯಲು ಸುತ್ತಿದ್ದ ಹೊದಿಕೆಗೆ ವರ್ಷಗಟ್ಟಲೆ ಎಣ್ಣೆ ಹಿಡಿದಿತ್ತು. ಅದು ಹೊತ್ತಿಕೊಂಡು ಎಂಜಿನ್ ಕೋಣೆ ಹೊಗೆಯಿಂದ ತುಂಬಿತು. ಉಸಿರಾಟದ ಮುಖವಾಡಗಳು ಸಾಕಷ್ಟು ಇರಲಿಲ್ಲ. ನಾವಿಕರು ಸರದಿಯಲ್ಲಿ ಒಳಗೆ ಹೋಗಿ ಹೊದಿಕೆ ಕಿತ್ತು ಹಾಕಿದರು. ಹಡಗು ಮೇಲೆ ಬಂದು ಬಾಗಿಲು ತೆರೆದು ಹೊಗೆ ಬಿಟ್ಟಿತು. ಇದೇ ಹಿಮದಡಿ ಆಗಿದ್ದರೆ? ಆ ಪ್ರಶ್ನೆ ಆಂಡರ್ಸನ್ ಅವರನ್ನು ಬಿಡಲಿಲ್ಲ. ಹಳೆಯ ಹೊದಿಕೆ ತೆಗೆಸಿದರು, ಉಸಿರಾಟದ ಸಲಕರಣೆ ಹೆಚ್ಚಿಸಿದರು.

ಎರಡನೆಯದು ಕಂಡೆನ್ಸರಿನಲ್ಲಿ ಸಮುದ್ರದ ನೀರಿನ ಸೋರಿಕೆ. ಹಬೆಯ ನೀರಿಗೆ ಉಪ್ಪು ಬೆರೆತರೆ ಕೊಳವೆಗಳು ಹಾಳಾಗುತ್ತವೆ. ಎಲ್ಲಿ ಸೋರುತ್ತಿದೆ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಕಾರಿನ ರೇಡಿಯೇಟರ್ ಸೋರಿದರೆ ಒಂದು ದ್ರಾವಣ ಹಾಕುತ್ತಾರಲ್ಲ, ಅದನ್ನೇ ಹಾಕಿ ನೋಡೋಣ ಎಂದರು. ಸಿಯಾಟಲ್‌ನಲ್ಲಿ ನಾವಿಕರು ಮಾಮೂಲಿ ಬಟ್ಟೆ ಹಾಕಿಕೊಂಡು ಪೆಟ್ರೋಲ್ ಬಂಕ್‌ಗಳಿಗೆ ಹೋಗಿ 140 ಡಬ್ಬಿ ಕೊಂಡು ತಂದರು. ಅದರಲ್ಲಿ ಅರ್ಧ ಸುರಿದರು. ಸೋರಿಕೆ ನಿಂತಿತು! ಜಗತ್ತಿನ ಅತ್ಯಾಧುನಿಕ ಹಡಗನ್ನು ಕಾಪಾಡಿದ್ದು ಪೆಟ್ರೋಲ್ ಬಂಕಿನ ಡಬ್ಬಿ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಧಿಸುವ ಬುದ್ಧಿಯೂ ವಿದ್ಯೆಯ ಭಾಗವೇ, ಅಲ್ವಾ?

ಜೂನ್ 9ರಂದು ಸಿಯಾಟಲ್ ಬಿಟ್ಟರು. ಗುರುತು ಸಿಗದಿರಲೆಂದು ಗೋಪುರದ ಮೇಲಿನ 571 ಸಂಖ್ಯೆಯ ಮೇಲೆ ಬಣ್ಣ ಬಳಿದರು. ಬೇರಿಂಗ್ ಜಲಸಂಧಿ ಮತ್ತು ಅದರಾಚೆಯ ಚುಕ್ಚಿ ಸಮುದ್ರ ಬಹಳ ಆಳವಿಲ್ಲದ ಜಾಗ. ನೀರು ಸುಮಾರು 160 ಅಡಿ. ಹಡಗಿನ ತಳದಿಂದ ಗೋಪುರದ ತುದಿವರೆಗೆ 50 ಅಡಿಗೂ ಜಾಸ್ತಿ. ಮೇಲಿನಿಂದ ಹಿಮದ ದಿಂಡುಗಳು 60 ಅಡಿಗೂ ಕೆಳಗೆ ಇಳಿದು ನಿಂತಿದ್ದವು. ಸೇಂಟ್ ಲಾರೆನ್ಸ್ ದ್ವೀಪದ ಪಶ್ಚಿಮದಲ್ಲಿ ಪ್ರಯತ್ನಿಸಿದರು, ಆಗಲಿಲ್ಲ. ಪೂರ್ವದ ಕಡೆಯಿಂದ ಸುತ್ತಿ ಬಂದರು. ಚುಕ್ಚಿ ಸಮುದ್ರದಲ್ಲಿ ಮುಂದೆ ಹೋದಾಗ ದೊಡ್ಡ ಹಿಮದ ದಿಂಡು ಎದುರಾಯಿತು. ಹಡಗು ಅದರಡಿ ನುಸುಳುವಾಗ ಮೇಲೆ ಉಳಿದ ಜಾಗ 5 ಅಡಿ. ಮೇಲ್ಮುಖವಾಗಿ ಸದ್ದು ಕಳಿಸಿ ಹಿಮ ಅಳೆಯುವ ಯಂತ್ರದ ಸೂಜಿಯನ್ನೇ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಯಂತ್ರಗಳ ಹಿಂದಿದ್ದವರು ವಾಲ್ಡೋ ಲಯಾನ್ ಅನ್ನುವ ಭೌತವಿಜ್ಞಾನಿ, ಅವರೂ ಹಡಗಿನಲ್ಲೇ ಇದ್ದರು. ದಿಂಡು ದಾಟಿತು. ಮುಂದೆ ಇನ್ನೂ ಆಳದ ಹಿಮವಿತ್ತು.

ಆಂಡರ್ಸನ್ ಮತ್ತೆ ಹಡಗು ತಿರುಗಿಸಿದರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಈ ನಿರ್ಧಾರದ ತೂಕ ನೋಡಿ. ಅಧ್ಯಕ್ಷರೇ ಒಪ್ಪಿಗೆ ಕೊಟ್ಟ ಕೆಲಸ. ದೇಶದ ಮರ್ಯಾದೆಯ ಪ್ರಶ್ನೆ. ಹಿಂದಿನ ವರ್ಷ ಒಮ್ಮೆ ತಿರುಗಿ ಬಂದವರು. ಎರಡನೇ ಸಲವೂ ತಿರುಗಿದರೆ ಜನ ಏನನ್ನುತ್ತಾರೆ? ಮೂರನೇ ಅವಕಾಶ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಐದಡಿ ಸಂದಿಯಲ್ಲಿ ಒಂದು ಸಲ ಪಾರಾದವರಿಗೆ ಇನ್ನೊಂದು ಸಲ ಪಾರಾಗುತ್ತೇವೆ ಅನಿಸುವುದು ಸಹಜ. ಅವರು ಹಾಗೆ ಯೋಚಿಸಲಿಲ್ಲ. ಜೂನ್‌ನಲ್ಲಿ ಹಿಮ ಇನ್ನೂ ದಕ್ಷಿಣಕ್ಕೆ ಚಾಚಿದೆ, ಬೇಸಿಗೆ ಬಲಿತರೆ ಹಿಂದೆ ಸರಿಯುತ್ತದೆ, ಕಾಯೋಣ ಎಂದರು. ಜೂನ್ 28ಕ್ಕೆ ಹಡಗು ಹವಾಯಿಯ ಪರ್ಲ್ ಹಾರ್ಬರ್ ಸೇರಿತು. ಅವರ ಮೇಲಿನವರೂ ಈ ತೀರ್ಮಾನ ಒಪ್ಪಿದರು ಅನ್ನುವುದನ್ನು ಮರೆಯಬಾರದು. ಒಬ್ಬ ಕ್ಯಾಪ್ಟನ್ ಹೆದರದೆ ಹಿಂದಕ್ಕೆ ಬರಬೇಕಾದರೆ, ಬಂದ ಮೇಲೆ ತಲೆ ಹೋಗುವುದಿಲ್ಲ ಅನ್ನುವ ನಂಬಿಕೆ ಅವನಿಗೆ ಇರಬೇಕಾಗುತ್ತದೆ.

ಜುಲೈ 23ರಂದು ಮತ್ತೆ ಹೊರಟರು. ಈ ಸಲ ಹಿಮ ಹಿಂದೆ ಸರಿದಿತ್ತು. ಆಗಸ್ಟ್ 1ರಂದು ಅಲಾಸ್ಕದ ಉತ್ತರ ತುದಿಯ ಪಾಯಿಂಟ್ ಬ್ಯಾರೋ ಬಳಿ, ಸಮುದ್ರತಳದ ಒಂದು ಆಳವಾದ ಕಣಿವೆ ಸಿಕ್ಕಿತು. ಅದರೊಳಗೆ ಇಳಿದರು. ಅಲ್ಲಿಂದ ಮುಂದೆ ಆಳದ ಆರ್ಕ್ಟಿಕ್. ಈ ಬಾರಿ ಹಡಗಿನಲ್ಲಿ ಎನ್6ಎ ಅನ್ನುವ ಹೊಸ ಜಡತ್ವ ಪಥದರ್ಶಕವಿತ್ತು. ನಾವಹೋ ಕ್ಷಿಪಣಿಗಾಗಿ ಮಾಡಿದ್ದನ್ನು ಹಡಗಿಗೆ ಹೊಂದಿಸಿದ್ದರು. ಅದಕ್ಕೆ ನಕ್ಷತ್ರ ಬೇಡ, ಅಯಸ್ಕಾಂತ ಬೇಡ. ಹಡಗು ಯಾವ ಕಡೆಗೆ ಎಷ್ಟು ಜರುಗಿತು ಅನ್ನುವುದನ್ನು ಒಳಗಿಂದೊಳಗೇ ಲೆಕ್ಕ ಇಡುತ್ತದೆ. ಹಿಮದ ಅಡಿಭಾಗ ನೋಡಲು ಮೇಲ್ಮುಖವಾಗಿ ಒಂದು ಟಿವಿ ಕ್ಯಾಮೆರಾ. ಹಿಂದಿನ ವರ್ಷದ ಸೋಲಿನಿಂದ ಬಂದ ಪಟ್ಟಿ ಹೀಗೆ ಕೆಲಸಕ್ಕೆ ಬಂತು.

ಆಗಸ್ಟ್ 3, ಅಮೆರಿಕದ ಪೂರ್ವ ಕರಾವಳಿಯ ಸಮಯ ರಾತ್ರಿ 11:15. ನಾಟಿಲಸ್ ಉತ್ತರ ಧ್ರುವದ ಅಡಿಯಲ್ಲಿತ್ತು. ಒಳಗೆ 116 ಜನ. 'ಜಗತ್ತಿಗಾಗಿ, ನಮ್ಮ ದೇಶಕ್ಕಾಗಿ, ನೌಕಾಪಡೆಗಾಗಿ, ಇಗೋ ಉತ್ತರ ಧ್ರುವ' ಎಂದು ಆಂಡರ್ಸನ್ ಧ್ವನಿವರ್ಧಕದಲ್ಲಿ ಹೇಳಿದರು. ಧ್ರುವದಲ್ಲಿ ಸಮುದ್ರದ ಆಳ 13,410 ಅಡಿ ಎಂದು ಅಳೆದರು. ಒಬ್ಬ ನಾವಿಕ ಸಾಂಟಾ ಕ್ಲಾಸ್ ವೇಷ ಹಾಕಿಕೊಂಡು ಬಂದ. ಹಡಗು ಅಲ್ಲಿ ನಿಲ್ಲಲಿಲ್ಲ, ಹಾಗೇ ಮುಂದೆ ಸಾಗಿತು. ಒಟ್ಟು 96 ಗಂಟೆ, 1,830 ಮೈಲಿ ಹಿಮದಡಿ ಸಾಗಿ, ಗ್ರೀನ್‌ಲ್ಯಾಂಡ್‌ನ ಈಶಾನ್ಯಕ್ಕೆ ತೆರೆದ ಸಮುದ್ರದಲ್ಲಿ ಎದ್ದಿತು. 'ನಾಟಿಲಸ್, 90 ಉತ್ತರ' ಎಂದು ಸಂದೇಶ ಹೋಯಿತು.

ಆಂಡರ್ಸನ್ ಅವರನ್ನು ಐಸ್‌ಲ್ಯಾಂಡ್ ಬಳಿ ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ವಾಷಿಂಗ್ಟನ್‌ಗೆ ಕರೆದೊಯ್ದರು. ಇಡೀ ಹಡಗಿಗೆ ಅಧ್ಯಕ್ಷರ ಘಟಕ ಪ್ರಶಸ್ತಿ ಸಿಕ್ಕಿತು. ಯುದ್ಧವಿಲ್ಲದ ಕಾಲದಲ್ಲಿ ಆ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲು. ಶ್ವೇತಭವನದ ಆ ಸಮಾರಂಭಕ್ಕೆ ರಿಕೋವರ್ ಅವರನ್ನು ಕರೆದಿರಲಿಲ್ಲ. ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಆಮೇಲೆ ನ್ಯೂಯಾರ್ಕ್‌ಗೆ ಹಡಗು ಬಂದಾಗ ಅಧ್ಯಕ್ಷರ ಪ್ರತಿನಿಧಿಯಾಗಿ ಅವರನ್ನೇ ಕಳಿಸಿದರು. ಅಷ್ಟು ದುಡಿದವರನ್ನು ಬಿಟ್ಟದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇದು ಶೀತಲ ಸಮರದ ಆಟವೂ ಆಗಿತ್ತು, ಅದನ್ನು ಮುಚ್ಚಿಡುವಂತಿಲ್ಲ. ಸೋವಿಯತ್ ಉತ್ತರ ಕರಾವಳಿಯ ಎದುರಿಗಿನ ಹಿಮಸಮುದ್ರದಲ್ಲಿ ಅಮೆರಿಕದ ಜಲಾಂತರ್ಗಾಮಿ ಓಡಾಡಬಲ್ಲದು ಎಂದು ತೋರಿಸಿದ ಹಾಗಾಯಿತು. ಅಲ್ಲಿಂದ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳ ಕಾಲ ದೂರವಿರಲಿಲ್ಲ. ಸೋವಿಯತ್ ಒಕ್ಕೂಟವೂ ಕೆ-3 ಅನ್ನುವ ತನ್ನ ಮೊದಲ ಅಣು ಜಲಾಂತರ್ಗಾಮಿಯನ್ನು 1962ರ ಜುಲೈನಲ್ಲಿ ಧ್ರುವಕ್ಕೆ ಕಳಿಸಿತು. ಅದೇ ಕೆ-3ರಲ್ಲಿ 1967ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಹೊತ್ತಿ 39 ಜನ ಸತ್ತರು. ಅಮೆರಿಕದ ಥ್ರೆಶರ್ ಅನ್ನುವ ಅಣು ಜಲಾಂತರ್ಗಾಮಿ 1963ರ ಏಪ್ರಿಲ್‌ನಲ್ಲಿ ಮುಳುಗಿ 129 ಜನ ಹೋದರು. ಈ ಸಾವುಗಳನ್ನು ನೆನೆದಾಗ, ನಾಟಿಲಸ್‌ನ ಆ ಎಣ್ಣೆ ಹಿಡಿದ ಹೊದಿಕೆ, ಆ ಅಗ್ಗದ ಕೊಳವೆ ಎಷ್ಟು ಹತ್ತಿರದಲ್ಲಿ ತಪ್ಪಿದ ಅಪಾಯಗಳು ಅನ್ನುವುದು ಅರಿವಾಗುತ್ತದೆ.

ಧ್ರುವದ ನಂತರದ 20 ವರ್ಷಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದು ದಿನಗೂಲಿಯಂಥ ದುಡಿಮೆ. 1959ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ದೊಡ್ಡ ರಿಪೇರಿ. 1960ರ ಕೊನೆಗೆ ಮೆಡಿಟರೇನಿಯನ್‌ನಲ್ಲಿ ಆರನೇ ನೌಕಾದಳದ ಜೊತೆ. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು ಬಂದಾಗ ಸಮುದ್ರ ದಿಗ್ಬಂಧನದಲ್ಲಿ ಪಾಲು. 1966ರಲ್ಲಿ 3 ಲಕ್ಷ ಮೈಲಿ ಮುಟ್ಟಿತು. ಅದೇ ವರ್ಷ ನವೆಂಬರ್ 10ರಂದು ಸಮರಾಭ್ಯಾಸದಲ್ಲಿ ಹೆಚ್ಚು ಆಳವಿಲ್ಲದೆ ಸಾಗುತ್ತಿದ್ದಾಗ ಎಸೆಕ್ಸ್ ಅನ್ನುವ ವಿಮಾನವಾಹಕ ಹಡಗಿಗೆ ಡಿಕ್ಕಿ ಹೊಡೆಯಿತು. ಗೋಪುರ ಜಖಂ ಆಯಿತು. ಯಾರೂ ಸಾಯಲಿಲ್ಲ. ಹಡಗು ತಾನೇ ಓಡಿಕೊಂಡು ಊರು ಸೇರಿತು. ಆಮೇಲಿನ ವರ್ಷಗಳಲ್ಲಿ ಬೇಟೆ ಹಡಗುಗಳಿಗೆ ಅಭ್ಯಾಸ ಕೊಡುವುದು, ಹೊಸ ಸಲಕರಣೆ ಪರೀಕ್ಷಿಸುವುದು. ಹೊಸ ಜಲಾಂತರ್ಗಾಮಿಗಳ ಮುಂದೆ ಅದು ಸದ್ದು ಜಾಸ್ತಿ ಮಾಡುವ ಹಳೆಯ ಹಡಗು. ಆದರೂ ಅದರಲ್ಲಿ ಕಲಿತು ಹೊರಟ ಅಧಿಕಾರಿಗಳು, ನಾವಿಕರು ಮುಂದಿನ ಹಡಗುಗಳನ್ನು ನಡೆಸಿದರು. ವಿಲ್ಕಿನ್ಸನ್ ಅವರು ಲಾಂಗ್ ಬೀಚ್ ಅನ್ನುವ, ನೀರಿನ ಮೇಲೆ ಓಡುವ ಮೊದಲ ಅಣು ಯುದ್ಧನೌಕೆಯ ಕ್ಯಾಪ್ಟನ್ ಆದರು. ಆಂಡರ್ಸನ್ ಟೆನೆಸ್ಸಿಯಿಂದ ಸಂಸತ್ತಿಗೆ ಆಯ್ಕೆಯಾದರು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಬಹಳ ತಡವಾಗಿ, ಅದೂ ಸೋವಿಯತ್ ಕಡೆಯಿಂದ. 1988ರಲ್ಲಿ ಮೂರು ವರ್ಷಕ್ಕೆ ಗುತ್ತಿಗೆ ಪಡೆದ ಜಲಾಂತರ್ಗಾಮಿಯೊಂದು ಐಎನ್‌ಎಸ್ ಚಕ್ರ ಅನ್ನುವ ಹೆಸರಿನಲ್ಲಿ ನಮ್ಮ ನೌಕಾಪಡೆಯಲ್ಲಿತ್ತು. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನಮ್ಮಲ್ಲೇ ಕಟ್ಟಿದ ಅಣು ಜಲಾಂತರ್ಗಾಮಿ ಅರಿಹಂತ್ ನೀರಿಗಿಳಿಯಿತು. ಅದರ ರಿಯಾಕ್ಟರ್ ಕೂಡ ಒತ್ತಡದ ನೀರಿನದ್ದೇ. ಹಡಗಿಗಾಗಿ ಮಾಡಿದ ಎಂಜಿನ್ ಊರಿಗೆ ಬೆಳಕು ಕೊಟ್ಟದ್ದೂ ಇದೇ ದಾರಿಯಲ್ಲಿ. ರಿಕೋವರ್ ತಂಡವೇ 1957ರಲ್ಲಿ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್‌ನಲ್ಲಿ ಅಂಥದ್ದೇ ರಿಯಾಕ್ಟರಿನಿಂದ ವಿದ್ಯುತ್ ತಯಾರಿಸಿತು. ಇವತ್ತು ಜಗತ್ತಿನ ಹೆಚ್ಚಿನ ಅಣುವಿದ್ಯುತ್ ಸ್ಥಾವರಗಳು ಒತ್ತಡದ ನೀರಿನವು.

1979ರ ಏಪ್ರಿಲ್ 9ರಂದು ನಾಟಿಲಸ್ ಗ್ರೋಟನ್ ಬಿಟ್ಟು ಕೊನೆಯ ಪ್ರಯಾಣ ಹೊರಟಿತು. ಮೇ 26ಕ್ಕೆ ಕ್ಯಾಲಿಫೋರ್ನಿಯಾದ ಮೇರ್ ಐಲೆಂಡ್ ಸೇರಿತು. ಅಲ್ಲಿ ಇಂಧನ ತೆಗೆದರು. 1980ರ ಮಾರ್ಚ್ 3ರಂದು ಸೇವೆಯಿಂದ ಬಿಡುಗಡೆ. ಅಷ್ಟು ಹೊತ್ತಿಗೆ ಓಡಿದ್ದು 5 ಲಕ್ಷ ಮೈಲಿಗೂ ಹೆಚ್ಚು. 1985ರ ಜುಲೈನಲ್ಲಿ ಎಳೆದುಕೊಂಡು ಗ್ರೋಟನ್‌ಗೆ ತಂದರು. 1986ರ ಏಪ್ರಿಲ್ 11ರಿಂದ ಅಲ್ಲಿ ಸಾರ್ವಜನಿಕರು ಒಳಗೆ ಹೋಗಿ ನೋಡಬಹುದು.

ಬಾಸ್ಟನ್ ಕಡೆಯೋ ಕನೆಕ್ಟಿಕಟ್ ಕಡೆಯೋ ನಿಮ್ಮ ಮಕ್ಕಳು, ನೆಂಟರು ಇದ್ದರೆ ಹೋದಾಗ ತಪ್ಪದೆ ನೋಡಿ. ಪ್ರವೇಶ ಉಚಿತ. ಮುಂದಿನ ಅರ್ಧ ಭಾಗ ಮಾತ್ರ ತೆರೆದಿದೆ. ಟಾರ್ಪಿಡೋ ಕೋಣೆ, ಊಟದ ಜಾಗ, ಮಲಗುವ ಕಟ್ಟೆಗಳು, ಚಾಲನೆಯ ಕೋಣೆ ಕಾಣಸಿಗುತ್ತವೆ. ರಿಯಾಕ್ಟರ್ ಮತ್ತು ಎಂಜಿನ್ ಇದ್ದ ಹಿಂದಿನ ಭಾಗಕ್ಕೆ ಪ್ರವೇಶವಿಲ್ಲ. ಅದು ಹೇಗಿತ್ತು, ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಪ್ರಶ್ನೆಗಳಿದ್ದವರು ಕೈ ಎತ್ತಿ.